ಸಿಯೆರಾ ಲಿಯೋನ್‌ನ ಊರುಗಳಲ್ಲಿ ವಿಶೇಷ ನ್ಯಾಯಾಲಯದ ಪರಿಚಯ: ನನ್ನ ಅನುಭವ

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯದ ಔಟ್‌ರೀಚ್ (ಜನಸಂಪರ್ಕ) ವಿಭಾಗದಲ್ಲಿ ನಾನು ಮಾಡಿದ್ದು ಬಹುಮಟ್ಟಿಗೆ ಒಂದೇ ಕೆಲಸ: ಆ ನ್ಯಾಯಾಲಯದಿಂದ ಏನೇನು ಆಗುವುದಿಲ್ಲ ಎಂಬುದನ್ನು ಜನರಿಗೆ ಮೊದಲೇ ತಿಳಿಸುವುದು. 1991ರಲ್ಲಿ ಆರಂಭವಾದ ಅಂತರ್ಯುದ್ಧ 2002ರಲ್ಲಿ ಮುಗಿದಾಗ, ಯುದ್ಧಾಪರಾಧಗಳ ವಿಚಾರಣೆಗೆಂದು ವಿಶ್ವಸಂಸ್ಥೆಯೂ ಅಲ್ಲಿನ ಸರ್ಕಾರವೂ ಸೇರಿ ಸ್ಥಾಪಿಸಿದ ಈ ನ್ಯಾಯಾಲಯ ರಾಜಧಾನಿ ಫ್ರೀಟೌನ್‌ನಲ್ಲೇ ಇತ್ತು. ಆದರೆ ಯುದ್ಧ ಹೊತ್ತಿಕೊಂಡದ್ದು ದೇಶದ ಪೂರ್ವದ ಅಂಚಿನ ಕೈಲಾಹುನ್ ಕಡೆ. ಅಲ್ಲಿಯವರಿಗೆ ಫ್ರೀಟೌನ್ ಕೂಡ ದೂರದ ಊರೇ.

ಓದು ಬಲ್ಲವರು ಕಡಿಮೆ ಇದ್ದುದರಿಂದ ಚಿತ್ರಗಳಿದ್ದ ಸರಳ ಪುಸ್ತಿಕೆಗಳನ್ನೂ ರೇಡಿಯೋವನ್ನೂ ಬಳಸಿದೆವು. ಜಿಲ್ಲೆಗಳಲ್ಲಿ ಅಲ್ಲಿಯವರೇ ಆದ ಅಧಿಕಾರಿಗಳಿದ್ದು, ಅವರು ಕ್ರಿಯೋ, ಮೆಂಡೆ, ಟೆಮ್ನೆ ಭಾಷೆಗಳಲ್ಲಿ ಸಭೆ ನಡೆಸುತ್ತಿದ್ದರು. ಊರಿನ ಮುಖಂಡರ ಒಪ್ಪಿಗೆ ಪಡೆದೇ ಸಭೆ ಕರೆಯುತ್ತಿದ್ದೆವು. ನಮ್ಮ ಮಾತನ್ನು ಚಿಕ್ಕದಾಗಿ ಮುಗಿಸಿ, ಉಳಿದ ಹೊತ್ತನ್ನೆಲ್ಲ ಪ್ರಶ್ನೆಗಳಿಗೆ ಬಿಡುವುದು ನಾನು ಪಾಲಿಸಿದ ಕ್ರಮ.

ಆ ಪ್ರಶ್ನೆಗಳು ಸುಲಭದವಾಗಿರಲಿಲ್ಲ. ಸರ್ಕಾರಕ್ಕೂ ಬಂಡುಕೋರರಿಗೂ ನಡುವೆ ಆದ 1999ರ ಲೋಮೆ ಶಾಂತಿ ಒಪ್ಪಂದದಲ್ಲಿ ತಮಗೆ ಕ್ಷಮಾದಾನ ಸಿಕ್ಕಿದೆಯಲ್ಲ ಎಂದು ಮಾಜಿ ಹೋರಾಟಗಾರರು ಕೇಳುತ್ತಿದ್ದರು. ಆ ಕ್ಷಮಾದಾನ ಈ ನ್ಯಾಯಾಲಯದ ವಿಚಾರಣೆಗೆ ಅಡ್ಡಿಯಾಗದೆಂದು ಅದರ ಶಾಸನವೇ ಹೇಳುತ್ತದೆ ಎಂದು ವಿವರಿಸಬೇಕಾಗುತ್ತಿತ್ತು. ಬಾಲ್ಯದಲ್ಲೇ ಬಂದೂಕು ಹಿಡಿದವರಿಗೆ ತಮ್ಮನ್ನೂ ಹಿಡಿದೊಯ್ಯುತ್ತಾರೆಂಬ ಭಯವಿತ್ತು. ಮಕ್ಕಳ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂದು ಪ್ರಾಸಿಕ್ಯೂಟರ್ ಡೇವಿಡ್ ಕ್ರೇನ್ 2002ರಲ್ಲೇ ಘೋಷಿಸಿದ್ದು ಆ ಭಯವನ್ನು ತಗ್ಗಿಸಲು ನಮ್ಮ ಯಾವ ಪುಸ್ತಿಕೆಗಿಂತಲೂ ಹೆಚ್ಚು ನೆರವಾಯಿತು. ಇನ್ನು ಕೈ ಕಳೆದುಕೊಂಡವರು, ಕತ್ತರಿಸಿದವನು ಪಕ್ಕದ ಬೀದಿಯಲ್ಲೇ ಓಡಾಡಿಕೊಂಡಿರುವಾಗ ಅವನನ್ನೇಕೆ ಹಿಡಿಯುವುದಿಲ್ಲ ಎಂದು ಕೇಳಿದರೆ, ಅತ್ಯಂತ ಹೆಚ್ಚಿನ ಹೊಣೆ ಹೊತ್ತವರನ್ನು ಮಾತ್ರ ವಿಚಾರಿಸುವ ಅಧಿಕಾರ ನಮ್ಮದು ಎನ್ನಬೇಕಿತ್ತು. ಆರೋಪ ಹೊರಿಸಲಾದವರು ಒಟ್ಟು 13 ಮಂದಿ. ಇಡೀ ದೇಶದ ಗಾಯಕ್ಕೆ ಈ ಸಂಖ್ಯೆ ಎಷ್ಟು ಅಲ್ಪವೆಂಬುದು ಹೇಳುವ ನನಗೂ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು.

ಎಲ್ಲಕ್ಕಿಂತ ಬಿಸಿಯಾದ ಸಭೆಗಳು ಬೋ ಪಟ್ಟಣದ ಸುತ್ತಮುತ್ತಲಿನವು. ಬಂಡುಕೋರರಿಂದ ಊರು ಕಾಯ್ದ ಪಡೆಯ ನಾಯಕನೆಂದು ಜನ ಗೌರವಿಸುತ್ತಿದ್ದ ಸ್ಯಾಮ್ ಹಿಂಗಾ ನಾರ್ಮನ್ ಅವರನ್ನು 2003ರ ಮಾರ್ಚ್‌ನಲ್ಲಿ, ಅವರು ಸಚಿವರಾಗಿದ್ದಾಗಲೇ ಬಂಧಿಸಲಾಗಿತ್ತು. ಅಲ್ಲಿ ಬಂಧನವನ್ನು ಸಮರ್ಥಿಸಲು ಹೋದರೆ ನಾವು ಪ್ರಾಸಿಕ್ಯೂಟರ್ ಕಡೆಯವರಾಗಿಬಿಡುತ್ತಿದ್ದೆವು. ನಮ್ಮ ವಿಭಾಗ ನ್ಯಾಯಾಲಯದ ಆಡಳಿತ ನೋಡಿಕೊಳ್ಳುವ ರಿಜಿಸ್ಟ್ರಿಯ ಅಡಿಯಲ್ಲಿತ್ತು, ಮೊಕದ್ದಮೆಯ ಯಾವ ಕಡೆಯದೂ ಆಗಿರಲಿಲ್ಲ. ಆದ್ದರಿಂದ ಆರೋಪವೆಂದರೆ ತೀರ್ಪಲ್ಲ, ಆರೋಪಿಗೂ ವಕೀಲರಿದ್ದಾರೆ, ನ್ಯಾಯಾಧೀಶರು ಎರಡೂ ಕಡೆಯ ವಾದ ಕೇಳುತ್ತಾರೆ ಎಂಬಷ್ಟಕ್ಕೇ ನಾನು ಮಾತು ನಿಲ್ಲಿಸುತ್ತಿದ್ದೆ. ತೀರ್ಪು ಬರುವ ಮೊದಲೇ, 2007ರ ಫೆಬ್ರವರಿಯಲ್ಲಿ, ನಾರ್ಮನ್ ತೀರಿಕೊಂಡರು. ಆ ಪ್ರದೇಶದಲ್ಲಿ ಹಲವರು ನ್ಯಾಯಾಲಯವನ್ನು ಕೊನೆಯವರೆಗೂ ಒಪ್ಪಲಿಲ್ಲ. ಅವರನ್ನು ಒಪ್ಪಿಸುವುದು ನಮ್ಮ ಕೆಲಸವೂ ಆಗಿರಲಿಲ್ಲವೆಂದೇ ನನ್ನ ಅಭಿಪ್ರಾಯ.

ಬಂಡುಕೋರರಿಗೆ ನೆರವಾದ ಆರೋಪ ಹೊತ್ತಿದ್ದ, ನೆರೆಯ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಅವರನ್ನು ಪ್ರಾದೇಶಿಕ ಭದ್ರತೆಯ ಕಾರಣ ನೀಡಿ 2006ರಲ್ಲಿ ವಿಚಾರಣೆಗೆ ನೆದರ್‌ಲ್ಯಾಂಡ್ಸ್‌ನ ಹೇಗ್‌ಗೆ ಸಾಗಿಸಿದ ಮೇಲೆ, ವಿಚಾರಣೆಯ ವಿಡಿಯೋ ಸಾರಾಂಶಗಳನ್ನು ಊರುಗಳಿಗೆ ಒಯ್ದು ತೋರಿಸತೊಡಗಿದೆವು. ಸಂಕಲನದಲ್ಲಿ ಪ್ರಾಸಿಕ್ಯೂಷನ್ ಸಾಕ್ಷಿಗೆ ಸಿಕ್ಕ ಗಮನವೇ ಪಾಟೀಸವಾಲಿಗೂ ಸಿಗಬೇಕಿತ್ತು, ರಕ್ಷಣೆಯಲ್ಲಿದ್ದ ಸಾಕ್ಷಿಗಳ ಗುರುತು ಎಲ್ಲೂ ಹೊರಬೀಳಬಾರದಿತ್ತು. ಇಷ್ಟೆಲ್ಲ ಮಾಡುತ್ತಿದ್ದ ವಿಭಾಗ ನ್ಯಾಯಾಲಯದ ಮೂಲ ಬಜೆಟ್ಟಿನಲ್ಲಿರದೆ ದಾನಿಗಳ ಪ್ರತ್ಯೇಕ ನೆರವಿನಿಂದ ನಡೆಯುತ್ತಿದ್ದುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ.

2012ರಲ್ಲಿ ಟೇಲರ್‌ಗೆ 50 ವರ್ಷಗಳ ಶಿಕ್ಷೆಯಾದಾಗ ಸಂತ್ರಸ್ತರು ಕೇಳಿದ್ದು ತಮಗೇನು ಸಿಗುತ್ತದೆ ಎಂದು. ಪರಿಹಾರಧನ ಕೊಡಿಸುವ ಅಧಿಕಾರ ಆ ನ್ಯಾಯಾಲಯಕ್ಕಿರಲಿಲ್ಲ. ಅದನ್ನು ನೇರವಾಗಿಯೇ ಹೇಳಿ, ಸತ್ಯ ಮತ್ತು ಸಾಮರಸ್ಯ ಆಯೋಗದ ಶಿಫಾರಸಿನಂತೆ ಸರ್ಕಾರ ನಡೆಸುತ್ತಿದ್ದ ಪ್ರತ್ಯೇಕ ಪರಿಹಾರ ಕಾರ್ಯಕ್ರಮದ ವಿವರ ಕೊಟ್ಟು ಕಳುಹಿಸುತ್ತಿದ್ದೆವು.