ಸೋರುವ ಮೀನಿನ ತೊಟ್ಟಿಗೆ ಹೊರಗಿನಿಂದ ಅಂಟು ಮೆತ್ತಬೇಡಿ

ಚಿಕ್ಕಮಗಳೂರಿನ ಮಳೆಗಾಲದಲ್ಲಿ ನಡುಮನೆಯ ನೆಲ ಒದ್ದೆಯಾದರೆ ಮೀನಿನ ತೊಟ್ಟಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹೆಂಚು ಸೋರಿರಬೇಕು, ಗೋಡೆ ತೇವ ಎಳೆದಿರಬೇಕು, ಯಾರೋ ಒದ್ದೆ ಕೊಡೆ ತಂದಿಟ್ಟಿರಬೇಕು ಅಂದುಕೊಂಡು ಒರೆಸಿ ಸುಮ್ಮನಾಗುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಆಷಾಢದಿಂದ ಸೋರುತ್ತಿದ್ದ ತೊಟ್ಟಿ ನನ್ನ ಕಣ್ಣಿಗೆ ಬಿದ್ದದ್ದು ಸ್ಟ್ಯಾಂಡಿನ ಪ್ಲೈವುಡ್ ಉಬ್ಬಿ ಅದರ ಬಾಗಿಲು ಮುಚ್ಚದೆ ಹೋದಾಗ.

ಮೊದಲು ಸೋರಿಕೆ ಎಲ್ಲಿ ಅನ್ನುವುದನ್ನು ಪತ್ತೆ ಮಾಡಿ. ತೊಟ್ಟಿಯ ಹೊರಮೈಯನ್ನು ಪೂರ್ತಿ ಒರೆಸಿ, ಬುಡದ ಸುತ್ತ ಒಣ ನ್ಯೂಸ್‌ಪೇಪರ್ ಪಟ್ಟಿ ಇಟ್ಟು ರಾತ್ರಿ ಬಿಡಿ. ಚಳಿಗಾಲದಲ್ಲಿ ಹೀಟರ್ ಹಾಕಿದ ನೀರಿನ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಹೊರಗೆ ಇಳಿಯುವುದೂ ಉಂಟು. ಆಗ ಗಾಜಿನ ಮೇಲ್ಭಾಗದಿಂದಲೇ ಗೆರೆಗೆರೆಯಾಗಿ ತೇವ ಕಾಣುತ್ತದೆ, ಅದು ಸೋರಿಕೆಯಲ್ಲ. ಬೋರ್‌ವೆಲ್ ನೀರು ಹಾಕುವವರಿಗೆ ಇನ್ನೊಂದು ಗುರುತಿದೆ: ನೀರು ಜಿನುಗುವ ಮೂಲೆಯಲ್ಲಿ ಬಿಳಿ ಉಪ್ಪಿನ ಕರೆ ಕಟ್ಟಿರುತ್ತದೆ. ನೀರಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ ನೋಡುತ್ತಿರಿ. ಬೇಗ ಬೇಗ ಇಳಿದ ನೀರು ಒಂದು ಎತ್ತರಕ್ಕೆ ಬಂದು ನಿಂತುಬಿಟ್ಟರೆ ತೂತು ಸುಮಾರಾಗಿ ಅದೇ ಎತ್ತರದಲ್ಲಿದೆ.

ಈಗ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಗೌರಿ ಹಬ್ಬಕ್ಕೆ ನೆಂಟರು ಬರುವವರಿದ್ದರು. ತೊಟ್ಟಿ ಖಾಲಿ ಮಾಡಲು ಪುರುಸೊತ್ತಿಲ್ಲ ಅಂತ ಹೊರಗಡೆಯಿಂದಲೇ, ಒದ್ದೆ ಮೂಲೆಯ ಮೇಲೆ ಗಾಜು ಜೋಡಿಸುವ ಸಿಲಿಕಾನ್ ಅಂಟು ಮೆತ್ತಿದೆ. ಎರಡು ದಿನ ನಿಂತಿತು. ಮೂರನೇ ರಾತ್ರಿ ಮೂಲೆ ಬಿಟ್ಟುಕೊಂಡು ಅರ್ಧ ತೊಟ್ಟಿ ನೀರು ನೆಲದ ಮೇಲಿತ್ತು. ಆ ನೀರಿನಲ್ಲೇ ಎಕ್ಸ್‌ಟೆನ್ಷನ್ ಬೋರ್ಡ್ ಬಿದ್ದಿತ್ತು. ಮೊಮ್ಮಗ ಬರಿಗಾಲಲ್ಲಿ "ಅಜ್ಜೀ, ಮೀನು!" ಅಂತ ಓಡಿ ಬಂದ. ನನ್ನ ಸೊಸೆ ಅವನನ್ನು ಹೊಸ್ತಿಲಲ್ಲೇ ಹಿಡಿದುಕೊಂಡಳು. ಆ ಕ್ಷಣ ನೆನೆದರೆ ಇವತ್ತಿಗೂ ಕೈ ನಡುಗುತ್ತದೆ. ಆದ್ದರಿಂದ ನೆಲದಲ್ಲಿ ನೀರು ಕಂಡರೆ ಮೀನಿನ ಕಡೆ ಓಡಬೇಡಿ, ಮೊದಲು ಮೇನ್ ಸ್ವಿಚ್ ಆರಿಸಿ. ಬೋರ್ಡನ್ನು ತೊಟ್ಟಿಯ ಕೆಳಗೆ ಇಡಲೇಬೇಡಿ, ಪಕ್ಕದ ಗೋಡೆಗೆ ಎತ್ತರದಲ್ಲಿ ಹೊಡೆಸಿ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರುವ ಹಾಗಿರಲಿ. ವೈರಿನ ಗುಂಟ ಹರಿದ ನೀರು ಆ ಜೋತಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಹೊರಗಿನ ಅಂಟು ಯಾಕೆ ನಿಲ್ಲುವುದಿಲ್ಲ ಅಂದರೆ, ಒಳಗಿನ ನೀರು ಅದನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಒಳಗೆ ಹಾಕಿದ ಅಂಟನ್ನು ಅದೇ ನೀರು ಗಾಜಿಗೆ ಒತ್ತಿ ಹಿಡಿಯುತ್ತದೆ. ಇನ್ನೊಂದು ವಿಷಯ, ಹಳೇ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಸರಿಯಾಗಿ ಹಿಡಿಯುವುದಿಲ್ಲ. ಒಂದೇ ಮೂಲೆ ಸೋರುತ್ತಿದ್ದರೂ ಮೂಲೆಗಳ ಗುಂಟ ಒಳಗಿರುವ ಸಿಲಿಕಾನ್ ಪಟ್ಟಿಯನ್ನೆಲ್ಲ ತೆಗೆದು ಹೊಸದಾಗಿ ಎಳೆಯಬೇಕು. ಒಂದು ಕಡೆ ಒಳಗೆ ನುಗ್ಗಿದ ನೀರು ಗಾಜಿನ ಸಂದಿಯಲ್ಲಿ ಸಾಗಿ ಬೇರೆ ಕಡೆ ಹೊರಬರುವುದೂ ಉಂಟು.

ಗಾಜೇ ಬಿರಿದಿದ್ದರೆ ನನ್ನ ಮಾತು ಇಷ್ಟೇ, ಅದಕ್ಕೆ ಅಂಟು ಹಚ್ಚಬೇಡಿ. ನೀರು ಆಳವಾದಷ್ಟೂ ಒತ್ತಡ ಜಾಸ್ತಿ, ಬುಡದ ಬಿರುಕು ಯಾವತ್ತಾದರೂ ಓಡಿಯೇ ಓಡುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ, ಅಂದರೆ ನೀರೊಂದೇ 56 ಕೆ.ಜಿ. ಗಾಜಿನವನ ಹತ್ತಿರ ಆ ಬಿರಿದ ಗಾಜನ್ನು ಬದಲಾಯಿಸಿಕೊಳ್ಳಿ, ಇಲ್ಲವೇ ತೊಟ್ಟಿಯಲ್ಲಿ ಮಣ್ಣು ತುಂಬಿ ಪಾಚಿ, ಜರಿಗಿಡ ಬೆಳೆಸಿ. ನಮ್ಮ ಹವೆಗೆ ಅವು ಸೊಗಸಾಗಿ ಬರುತ್ತವೆ.

ತೊಟ್ಟಿ ಖಾಲಿ ಮಾಡುವ ಮುಂಚೆ ಹೀಟರ್ ಆರಿಸಿ ಇಪ್ಪತ್ತು ನಿಮಿಷ ನೀರಿನಲ್ಲೇ ಬಿಡಿ. ಬಿಸಿಯಿದ್ದಾಗ ನೀರಿನಿಂದ ಹೊರಬಂದರೆ ಅದರ ಗಾಜು ಒಡೆಯುತ್ತದೆ. ಮೀನುಗಳನ್ನು ಅದೇ ತೊಟ್ಟಿಯ ನೀರು ತುಂಬಿದ ಪ್ಲಾಸ್ಟಿಕ್ ಟಬ್ಬಿಗೆ ಬಿಡಿ. ಸೋಪುಪುಡಿ ಕಲಸಿದ ಬಕೆಟ್ ಬೇಡ. ಬಚ್ಚಲಿನ ತಾಮ್ರದ ಹಂಡೆಯಂತೂ ಬೇಡವೇ ಬೇಡ, ನೀರಿಗಿಳಿದ ತಾಮ್ರ ಮೀನಿಗೆ ವಿಷ. ಟಬ್ಬಿಗೆ ಏರ್ ಪಂಪ್ ಹಾಕಿ, ಮೇಲೆ ಜಾಲರಿ ಮುಚ್ಚಿ, ಮೀನು ಹಾರುತ್ತವೆ. ಮರ ಬಿದ್ದು ಕರೆಂಟು ಹೋಗುವ ಊರಿನಲ್ಲಿ ಬ್ಯಾಟರಿ ಪಂಪ್ ಒಂದು ಇರಲೇಬೇಕು. ಫಿಲ್ಟರಿನ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ನೀರನ್ನು ಶುದ್ಧ ಮಾಡುವ ಸೂಕ್ಷ್ಮಜೀವಿಗಳು ಅದರಲ್ಲಿರುತ್ತವೆ. ಕ್ಲೋರಿನ್ ತಾಗಿದರೂ ಸಾಯುತ್ತವೆ, ಒಣಗಿದರೂ ಸಾಯುತ್ತವೆ. ಅದನ್ನೂ ಟಬ್ಬಿನಲ್ಲೇ ಮುಳುಗಿಸಿಡಿ.

ಅಂಗಡಿಯಲ್ಲಿ ಬರೀ ಸಿಲಿಕಾನ್ ಗಮ್ ಅಂದರೆ ಬಚ್ಚಲುಮನೆಗೆ ಹಾಕುವ, ಬೂಷ್ಟು ಹಿಡಿಯದಂಥದ್ದನ್ನು ಕೊಟ್ಟುಬಿಡಬಹುದು. ಬೂಷ್ಟು ಕೊಲ್ಲುವ ಔಷಧಿ ಮೀನನ್ನೂ ಕೊಲ್ಲುತ್ತದೆ. ಟ್ಯೂಬಿನ ಮೇಲೆ ಅಕ್ವೇರಿಯಂಗೆ ಅಂತ ಬರೆದಿರುವುದನ್ನೇ ಕೇಳಿ ತನ್ನಿ. ಎರಡು ಪುಟ್ಟ ಉಂಡೆ ಕಲಸಿ ಮೆತ್ತುವ ಗಟ್ಟಿ ಅಂಟೂ ಇಲ್ಲಿಗೆ ಒಗ್ಗುವುದಿಲ್ಲ. ನೀರು ತುಂಬಿದಾಗ ಗಾಜು ಚೂರು ಬಾಗುತ್ತದೆ, ಜೋಡಣೆಯೂ ಅದರ ಜೊತೆ ಹಿಗ್ಗಬೇಕು.

ಒಳಗಿನ ಹಳೇ ಪಟ್ಟಿಯನ್ನು ಹೊಸ ಬ್ಲೇಡಿನಿಂದ, ಗಾಜಿಗೆ ಒರಗಿಸಿ ಹಿಡಿದು ಕೀಳಿ. ಎರಡು ಗಾಜಿನ ನಡುವಿನ ಸಂದಿಗೆ ಮಾತ್ರ ಬ್ಲೇಡು ತೂರಿಸಬೇಡಿ, ತೊಟ್ಟಿಯನ್ನು ಹಿಡಿದು ನಿಲ್ಲಿಸಿರುವುದು ಅಲ್ಲಿನ ಅಂಟೇ. ಆ ಸಂದಿಯ ಅಂಟಿನಲ್ಲೇ ಗಾಳಿಗುಳ್ಳೆ, ಬಿರುಕು ಕಂಡರೆ ತೊಟ್ಟಿ ಕಟ್ಟುವವರಿಗೇ ಬಿಚ್ಚಿ ಕೂರಿಸಲು ಕೊಡಿ. ತೆಗೆದಾದ ಮೇಲೆ ಬೆರಳಾಡಿಸಿ ನೋಡಿ, ರಬ್ಬರಿನಂತೆ ಜಿಗುಟು ತಾಗಿದರೆ ಇನ್ನೂ ಉಳಿದಿದೆ ಅಂತ. ಎಲ್ಲಾ ಹೋದಮೇಲೆ ಮೆಡಿಕಲ್ ಶಾಪಿನ ಸ್ಪಿರಿಟ್ಟಿನಿಂದ ಎರಡು ಸಲ ಒರೆಸಿ, ಆಮೇಲೆ ಮುಟ್ಟಬೇಡಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ ಏನೂ ಉರಿಯುತ್ತಿರಬಾರದು.

ಮಳೆಗಾಲದಲ್ಲಿ ಈ ಕೆಲಸ ಆಗುತ್ತದೆಯೇ ಅಂತ ಕೇಳುತ್ತಾರೆ. ಆಗುತ್ತದೆ. ಸಿಲಿಕಾನ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಆದರೆ ಗಾಜಿನ ಮೇಲೆ ತೇವದ ಪೊರೆ ಇದ್ದರೆ ಅಂಟು ಕಚ್ಚುವುದಿಲ್ಲ. ನಾನು ತೊಟ್ಟಿಯನ್ನು ಎರಡು ದಿನ ಒಲೆಮನೆಯಲ್ಲಿ, ಮಳೆಗಾಲದ ಬಟ್ಟೆ ಒಣಗಿಸುವ ಜಾಗದಲ್ಲಿ ಇಟ್ಟೆ. ಒಲೆಗೆ ತೀರಾ ಹತ್ತಿರವಲ್ಲ, ಬೆಚ್ಚಗಿನ ಗಾಳಿ ತಾಗುವಷ್ಟು ದೂರದಲ್ಲಿ.

ಮೂಲೆಯ ಎರಡೂ ಕಡೆ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಜಾಗ ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸಿ. ಸಿಲಿಕಾನನ್ನು ನಿಲ್ಲಿಸದೆ ಒಂದೇ ಎಳೆಯಾಗಿ ಎಳೆದು, ಗ್ಲೌಸ್ ಹಾಕಿದ ಬೆರಳಿಂದ ಒಂದೇ ಸಲ ಒತ್ತಿ ಸವರಿ, ಕೂಡಲೇ ಟೇಪ್ ಕೀಳಿ. ತಡಮಾಡಿದರೆ ಕೆನೆ ಕಟ್ಟಿ ಟೇಪಿನ ಜೊತೆ ಪಟ್ಟಿಯೂ ಎದ್ದು ಬರುತ್ತದೆ. ವಿನೆಗರ್ ವಾಸನೆ ಬರುತ್ತದೆ, ಹೆದರಬೇಡಿ, ಈ ಬಗೆಯ ಅಂಟಿನ ಸ್ವಭಾವ ಅದು. ಮೇಲ್ಪದರ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ, ಒಂದು ದಿನಕ್ಕೆ ಎರಡು ಮೂರು ಮಿಲಿಮೀಟರ್ ಮಾತ್ರ ಗಟ್ಟಿಯಾಗುತ್ತದೆ. ನಾನು ಒಂದು ವಾರ ಕಾಯುತ್ತೇನೆ. ಮಕ್ಕಳು ದಿನಾ ಬಂದು "ಇನ್ನೂ ಆಗಿಲ್ವಾ ಅಜ್ಜಿ" ಅಂತ ಕೇಳಿದರೂ ಕಾಯುತ್ತೇನೆ.

ಆಮೇಲೆ ನಡುಮನೆಗೆ ತರದೆ ಜಗಲಿಯಲ್ಲೇ, ಸಮತಟ್ಟಾದ ಕಡೆ ಥರ್ಮೋಕೋಲ್ ಹಾಸಿ ಇಟ್ಟು ಮೂರನೇ ಒಂದು ಭಾಗ ನೀರು ತುಂಬಿಸಿ ಒಂದು ರಾತ್ರಿ ನೋಡಿ. ಮರುದಿನ ಅರ್ಧ, ಅದರ ಮರುದಿನ ಪೂರ್ತಿ. ಸುತ್ತ ಇಟ್ಟ ಪೇಪರ್ ಒದ್ದೆಯಾಗದಿದ್ದರೆ ಆ ನೀರು ಚೆಲ್ಲಿ. ನೀರು ತುಂಬಿದ ತೊಟ್ಟಿಯನ್ನು, ಅರ್ಧವೇ ಇರಲಿ, ಎಂದೂ ಎತ್ತಬೇಡಿ.

ನಮ್ಮ ತೊಟ್ಟಿ ಅಷ್ಟಕ್ಕೂ ಯಾಕೆ ಬಿಟ್ಟುಕೊಂಡಿತ್ತು ಅನ್ನುವುದು ಅದನ್ನು ವಾಪಸ್ ಇಡುವಾಗ ತಿಳಿಯಿತು. ನಮ್ಮದು ಹಳೇ ಮನೆ, ರೆಡ್‌ಆಕ್ಸೈಡ್ ನೆಲ, ತೊಳೆದ ನೀರು ಹರಿದುಹೋಗಲಿ ಅಂತ ಅಂಗಳದ ಕಡೆಗೆ ಇಳಿಜಾರು ಕೊಟ್ಟಿದ್ದಾರೆ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಪೂರ್ತಿ ಒಂದು ಪಕ್ಕಕ್ಕೆ. ವರ್ಷಗಟ್ಟಲೆ ತೊಟ್ಟಿಯ ಒಂದು ಮೂಲೆಗೇ ಭಾರ ಬಿದ್ದಿತ್ತು, ಸೋರಿದ್ದೂ ಅದೇ ಮೂಲೆ. ಗಾಜಿನ ಕೆಳಗೆ ಚಕ್ಕೆ ಕೊಡದೆ ಸ್ಟ್ಯಾಂಡಿನ ಎರಡು ಕಾಲಿನ ಕೆಳಗೆ ಕಡಪ ಕಲ್ಲಿನ ಚೂರು ಕೊಟ್ಟು ಮಟ್ಟ ಮಾಡಿದೆವು. ಉಬ್ಬಿದ ಪ್ಲೈವುಡ್ ಬದಲಾಯಿಸಿ, ಅದರ ಮೇಲೆ ಹೊಸ ಥರ್ಮೋಕೋಲ್ ಹಾಸಿ, ಟಬ್ಬಿನ ಹಳೇ ನೀರನ್ನೇ ಮೊದಲು ಸುರಿದೆವು. ಕಡಿಮೆ ಬಿದ್ದದ್ದಕ್ಕೆ ನಮ್ಮ ಬಾವಿಯ ನೀರು, ಬಿಸಿಲಿಲ್ಲದ ಕಾರಣ ಒಂದು ಪಾತ್ರೆ ಬಿಸಿನೀರು ಬೆರೆಸಿ ಹದಕ್ಕೆ ತಂದು ಹಾಕಿದೆವು. ಫಿಲ್ಟರ್ ಶುರುವಾಗಿ ನೀರು ತಿಳಿಯಾದ ಮೇಲೆ ಮೊಮ್ಮಗನೇ ಒಂದೊಂದು ಮೀನನ್ನೂ ಬಟ್ಟಲಲ್ಲಿ ಎತ್ತಿ ಬಿಟ್ಟ, ಕಾಲಿಗೆ ಚಪ್ಪಲಿ ಹಾಕಿಕೊಂಡು.