ಕಣ್ಣು ಸರಿಯಿದ್ದರೂ ಎಡಗಡೆ ಕಾಣದವರ ಜೊತೆ

ಮುಂಬೈಯ ಮಾಟುಂಗಾ, ವಡಾಲಾ ಕಡೆಯ ಕನ್ನಡದ ಮನೆಗಳಿಗೆ ಹೋಗಿ, ಸ್ಟ್ರೋಕ್ ಆದವರಿಗೆ ದಿನದ ಕೆಲಸಗಳನ್ನು ಮತ್ತೆ ಕಲಿಸುವುದು ನನ್ನ ವೃತ್ತಿ. ಕೈಕಾಲು ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಮಿದುಳಿನ ಬಲಗಡೆ ಪೆರೈಟಲ್ ಭಾಗಕ್ಕೆ, ಅಂದರೆ ನೆತ್ತಿಯ ಹಿಂಬದಿಯ ಕೆಳಗಿನ ಭಾಗಕ್ಕೆ, ಪೆಟ್ಟಾದರೆ ಏನಾಗಿದೆ ಅಂತ ಮನೆಯವರಿಗೆ ಗೊತ್ತಾಗುವುದೇ ಕಷ್ಟ.

"ಇವರಿಗೆ ಹಠ ಜಾಸ್ತಿ ಆಗಿದೆ ಮೇಡಂ, ಪಲ್ಯ ಮುಟ್ಟೋದೇ ಇಲ್ಲ" ಎಂದರು ಒಬ್ಬ ಹೋಟೆಲ್ ಮಾಲೀಕರ ಹೆಂಡತಿ. ಪಲ್ಯ ತಟ್ಟೆಯ ಎಡಗಡೆ ಇತ್ತು. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. ಅವರು ಪಲ್ಯವನ್ನೇ ಮೊದಲು ತಿಂದರು.

ಕಣ್ಣಿನಿಂದ ಬಂದದ್ದು ಮೊದಲು ತಲೆಯ ಹಿಂಭಾಗಕ್ಕೆ ಹೋಗುತ್ತದೆ. ಅದನ್ನು ಕೇಳಿದ್ದು, ಮುಟ್ಟಿದ್ದು, ನೆನಪಿನಲ್ಲಿದ್ದದ್ದರ ಜೊತೆ ಸೇರಿಸಿ ಅರ್ಥ ಮಾಡುವುದು ಅಸೋಸಿಯೇಷನ್ ಕಾರ್ಟೆಕ್ಸ್. ನಮ್ಮ ಮಿದುಳಿನ ಹೊರಪದರದ ಹೆಚ್ಚು ಭಾಗ ಇದೇ. ಯಾವುದು ಎಲ್ಲಿದೆ, ಎತ್ತ ಗಮನ ಕೊಡಬೇಕು ಅನ್ನುವುದರಲ್ಲಿ ಪೆರೈಟಲ್ ಭಾಗದ ಪಾತ್ರ ದೊಡ್ಡದು. ಬಲಗಡೆಯದು ಕೆಟ್ಟರೆ ಎಡಗಡೆಯ ಜಗತ್ತು ಗಮನಕ್ಕೇ ಬರುವುದಿಲ್ಲ. ಕಣ್ಣಿನ ದೋಷ ಅಲ್ಲವೇ ಅಲ್ಲ. 1978ರಲ್ಲಿ ಇಟಲಿಯ ಸಂಶೋಧಕರಾದ ಬಿಸಿಯಾಕ್ ಮತ್ತು ಲುಜ್ಜಾಟ್ಟಿ ಇಂಥ ರೋಗಿಗಳಿಗೆ ಮಿಲಾನ್ ನಗರದ ಚೌಕವನ್ನು ಮನಸ್ಸಿನಲ್ಲೇ ನೋಡಿ ವರ್ಣಿಸಲು ಹೇಳಿದರು. ಅವರು ಎಡಗಡೆಯ ಕಟ್ಟಡಗಳನ್ನು ಬಿಟ್ಟರು. ಎದುರು ತುದಿಯಲ್ಲಿ ನಿಂತಂತೆ ಯೋಚಿಸಿ ಅಂದಾಗ, ಬಿಟ್ಟಿದ್ದವೇ ಬಾಯಿಗೆ ಬಂದವು. ನೆನಪು ಇತ್ತು, ಅದರ ಎಡಭಾಗಕ್ಕೆ ದಾರಿ ಇರಲಿಲ್ಲ!

ನಾನು ಮೊದಲು ಉದ್ದ ಗೆರೆ ಎಳೆದು ನಡುವೆ ಗುರುತು ಮಾಡಲು ಹೇಳುತ್ತೇನೆ. ಗುರುತು ಬಲಕ್ಕೆ ಸರಿದಿರುತ್ತದೆ. ಗಡಿಯಾರ ಬರೆಸಿದರೆ ಅಂಕಿಗಳೆಲ್ಲ ಒಂದೇ ಬದಿಗೆ ತುಂಬಿರುತ್ತವೆ. ಬರೀ ದೃಷ್ಟಿಯ ಅರ್ಧ ಹೋದವರು ಸಾಮಾನ್ಯವಾಗಿ ತಲೆ ತಿರುಗಿಸಿ ಹುಡುಕುತ್ತಾರೆ. ಇವರು ಹುಡುಕುವುದಿಲ್ಲ, ಕಳೆದಿದೆ ಅಂತಲೇ ಅನಿಸಿರುವುದಿಲ್ಲ. ಅದಕ್ಕೇ ಬೈದರೆ ಏನೂ ಉಪಯೋಗವಿಲ್ಲ. ಆ ಅಕ್ಕನಿಗೆ ನಾನು ಹೇಳಿದ ಮೊದಲ ಮಾತು ಇದೇ.

ಪೇಪರಿನ ಎಡ ಅಂಚಿಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದೆ. "ಅಣ್ಣ, ಕೆಂಪು ಕಾಣುವವರೆಗೂ ಸಾಲು ಶುರು ಮಾಡಬೇಡಿ." ನಿಧಾನಕ್ಕೆ ಓದು ಹಿಡಿತಕ್ಕೆ ಬಂತು. ಆದರೆ ಕಾಗದದ ಮೇಲೆ ಕಲಿತದ್ದು ತಾನಾಗಿ ಅಡುಗೆಮನೆಗೆ ಬರುವುದಿಲ್ಲ. ಹಾಗಾಗಿ ಊಟದಲ್ಲಿ, ಬಾಗಿಲು ದಾಟುವಾಗ, ಅಂಗಿ ಹಾಕುವಾಗ ಅದನ್ನೇ ಮಾಡಿಸಿದೆ: ಮೊದಲು ಎಡಗೈಯ ಬೆರಳು ಸ್ವಲ್ಪ ಅಲ್ಲಾಡಿಸಿ, ಆಮೇಲೆ ಎಡಕ್ಕೆ ತಲೆ ತಿರುಗಿಸಿ, ಹುಡುಕಿ. ಮಾತ್ರೆ, ನೀರು, ಫೋನ್ ಮಾತ್ರ ಬಲಗಡೆಯೇ ಇರಲಿ ಅಂದೆ. ಅವಸರಕ್ಕೆ ಕೈಗೆ ಸಿಗಬೇಕು, ಅಲ್ವಾ?

ಈಗ ತಟ್ಟೆ ತಿರುಗಿಸುವ ಅಗತ್ಯ ಇಲ್ಲ. ರಸ್ತೆಯ ವಿಷಯದಲ್ಲಿ ನಾನು ಇನ್ನೂ ಬಗ್ಗಿಲ್ಲ. ನಮ್ಮಲ್ಲಿ ಅರ್ಧ ದಾಟಿದ ಮೇಲೆ ಗಾಡಿಗಳು ಬರುವುದು ಎಡಗಡೆಯಿಂದ. ಮಗ ಎಡಗಡೆ ನಿಂತು ಕೈ ಹಿಡಿದೇ ದಾಟಿಸಬೇಕು. ಸ್ಕೂಟರಿನ ಕೀ ಆ ಅಕ್ಕನ ಹತ್ತಿರವೇ ಇದೆ.