ಗಡಿಯಾರ ತಪ್ಪಿದ ಕಂಪ್ಯೂಟರ್ ಮತ್ತು ಮೂರು ಅಂಗಡಿಗಳು

ಕಾರವಾರದ ಕೋಡಿಬಾಗದಲ್ಲಿ ನಾನು ಸಣ್ಣದೊಂದು ತೆರಿಗೆ ಸಲಹಾ ಕಚೇರಿ ನಡೆಸುತ್ತೇನೆ. ಕಡಲಗಾಳಿ ನೇರವಾಗಿ ಬೀಸುವ ಈ ಭಾಗದಲ್ಲಿ ಕಿಟಕಿಯ ಸರಳುಗಳಿಗೆ ಬಣ್ಣ ಹಚ್ಚುವುದನ್ನು ಒಂದೆರಡು ವರ್ಷ ಮರೆತರೆ ತುಕ್ಕು ಪದರು ಪದರಾಗಿ ಕಳಚಿ ಬೀಳುತ್ತದೆ. ಕಂಪ್ಯೂಟರಿನ ಒಳಗಿನ ಲೋಹಕ್ಕೂ ಹೆಚ್ಚುಕಡಿಮೆ ಅದೇ ಗತಿ. ಮಳೆಗಾಲದಲ್ಲಿ ರಿಪೇರಿಯವರ ಅಂಗಡಿಗೆ ಒಮ್ಮೆಯೂ ಹೋಗದ ವರ್ಷವೇ ನನ್ನ ನೆನಪಿನಲ್ಲಿಲ್ಲ. ಆದರೆ ನನ್ನ ಯಂತ್ರದಲ್ಲಿರುವ ಮಾಹಿತಿ ನನ್ನೊಬ್ಬನದಲ್ಲ. ನನ್ನನ್ನು ನಂಬಿ ಕೊಟ್ಟ ಹತ್ತಾರು ವ್ಯಾಪಾರಿಗಳ ಪ್ಯಾನ್, ಆಧಾರ್, ಬ್ಯಾಂಕ್ ವಿವರ, ಟ್ಯಾಲಿ ತಂತ್ರಾಂಶದ ಲೆಕ್ಕ ಎಲ್ಲವೂ ಅದರಲ್ಲಿವೆ. ಆದ್ದರಿಂದ ಯಾರ ಕೈಗೆ ಅದನ್ನು ಒಪ್ಪಿಸುವುದು ಎಂಬ ಪ್ರಶ್ನೆ ನನಗೆ ದರದ ಪ್ರಶ್ನೆಗಿಂತ ದೊಡ್ಡದು. ಇದನ್ನು ಅರಿಯಲು ನಾನು ಒಮ್ಮೆ ಪೆಟ್ಟು ತಿನ್ನಬೇಕಾಯಿತು.

ಕೆಲವು ವರ್ಷಗಳ ಹಿಂದಿನ ಜುಲೈ ತಿಂಗಳು. ಆದಾಯ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನಗಳಲ್ಲಿ ಯಂತ್ರ ಏಳಲೇ ಇಲ್ಲ. ಗಡಿಬಿಡಿಯಲ್ಲಿ, ದಾರಿಯಲ್ಲಿ ಸಿಕ್ಕ ಅಂಗಡಿಯೊಂದಕ್ಕೆ ಇಡೀ ಪೆಟ್ಟಿಗೆಯನ್ನು ಒಯ್ದು ಕೊಟ್ಟು, ಚೀಟಿಯನ್ನೂ ಕೇಳದೆ ಹಿಂದಿರುಗಿದೆ. ಮೂರನೆಯ ದಿನ ಯಂತ್ರ ಮರಳಿತು, ಆದರೆ ನನ್ನನ್ನು ಒಂದು ಮಾತೂ ಕೇಳದೆ ಫಾರ್ಮ್ಯಾಟ್ ಹೊಡೆದು ಒಳಗಿದ್ದುದನ್ನೆಲ್ಲ ಅಳಿಸಿದ್ದರು. ಪೆನ್‌ಡ್ರೈವಿನಲ್ಲಿ ಹಳೆಯ ಪ್ರತಿಯೊಂದು ಇದ್ದುದರಿಂದ ಬಚಾವಾದೆ. ಆದರೂ ಎರಡು ವಾರಗಳ ಲೆಕ್ಕವನ್ನು ಮತ್ತೆ ಬರೆಯಬೇಕಾಯಿತು. ಅದಾಗಿ ತಿಂಗಳ ನಂತರ, ಯಂತ್ರ ಏಕೆ ಇಷ್ಟು ನಿಧಾನ ಎಂದು ನೋಡಿದರೆ, ಎಂಟು ಜಿಬಿ ರ‍್ಯಾಮ್ ಇದ್ದ ಜಾಗದಲ್ಲಿ ನಾಲ್ಕೇ ಜಿಬಿ ಇತ್ತು. ಬದಲಾದದ್ದು ಆ ಅಂಗಡಿಯಲ್ಲಿಯೇ ಎಂದು ಹೇಳಲು ನನ್ನ ಬಳಿ ಬಿಲ್ಲಾಗಲಿ, ಫೋಟೋ ಆಗಲಿ ಇರಲಿಲ್ಲ. ಊರವರ ಲೆಕ್ಕಪತ್ರ ಸರಿಯಾಗಿಡುವ ಕೆಲಸದವನು ತನ್ನದೇ ಸೊತ್ತಿನ ಲೆಕ್ಕ ಇಟ್ಟಿರಲಿಲ್ಲ ಎಂಬುದು ಬಾಯಿಬಿಟ್ಟು ಹೇಳಿಕೊಳ್ಳುವಂಥ ಮಾತಲ್ಲ.

ಆ ಬಳಿಕ ಅವರಿವರನ್ನು ವಿಚಾರಿಸಿದೆ. ಸಿಕ್ಕ ಉತ್ತರವೆಲ್ಲ ‘ಒಳ್ಳೆಯ ಹುಡುಗ, ಕಡಿಮೆ ತೆಗೆದುಕೊಳ್ಳುತ್ತಾನೆ’ ಎಂಬಷ್ಟೇ. ಹೀಗೆ ಹೇಳುವವರಲ್ಲಿ ಬಹುಪಾಲು ಜನರಿಗೆ, ಯಂತ್ರದ ಒಳಗೆ ಏನು ನಡೆಯಿತೆಂಬುದು ನನ್ನಂತೆಯೇ ತಿಳಿದಿರುವುದಿಲ್ಲ. ಆದ್ದರಿಂದ ಉತ್ತರ ನನಗೆ ಮೊದಲೇ ಗೊತ್ತಿರುವ ಒಂದು ಸಣ್ಣ ದೋಷವನ್ನು ಒಯ್ದು ತೋರಿಸಿ, ಯಾರು ಏನು ಹೇಳುತ್ತಾರೆಂದು ನೋಡುವ ಯೋಚನೆ ಬಂತು. ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಅಂಥದ್ದೊಂದು ರೋಗ ತಾನಾಗಿಯೇ ಅಂಟಿಕೊಂಡಿತ್ತು. ಪ್ರತಿ ಬೆಳಿಗ್ಗೆ ಅದರ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿರುತ್ತಿತ್ತು. ದಿನಾಂಕ ತಪ್ಪಿದ್ದರಿಂದ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಹೊಂದಾಣಿಕೆಯಾಗದೆ ಜಿಎಸ್‌ಟಿ ಪೋರ್ಟಲ್ ತೆರೆಯುತ್ತಿರಲಿಲ್ಲ. ಮದರ್‌ಬೋರ್ಡಿನ ಮೇಲಿರುವ, ಗಡಿಯಾರ ನಡೆಸುವ, ಸಣ್ಣ ನಾಣ್ಯದ ಗಾತ್ರದ ಸಿಆರ್ 2032 ಸೆಲ್ ಸೋತಿತ್ತು, ಅಷ್ಟೇ. ಬೆಲೆ ಒಂದು ಊಟದ್ದಕ್ಕಿಂತ ಕಡಿಮೆ.

ಮೊದಲ ಅಂಗಡಿಯಲ್ಲಿ ಪೆಟ್ಟಿಗೆಯನ್ನು ಬಿಚ್ಚುವ ಮೊದಲೇ ಮದರ್‌ಬೋರ್ಡ್ ಹೋಗಿದೆ ಎಂಬ ತೀರ್ಮಾನ ಬಂತು. ಎರಡನೆಯವರು ವಿಂಡೋಸ್ ಹಾಳಾಗಿದೆ, ಹೊಸದಾಗಿ ಹಾಕಿಕೊಡುತ್ತೇವೆ ಎಂದರು. ಮೂರನೆಯದು ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಒಂದೇ ಕೋಣೆಯ ಅಂಗಡಿ. ಅಲ್ಲಿದ್ದ ತರುಣ ಯಂತ್ರವನ್ನು ಮುಟ್ಟದೆ ಒಂದು ಪ್ರಶ್ನೆ ಕೇಳಿದ: “ರಾತ್ರಿ ಗೋಡೆಯ ಸ್ವಿಚ್ಚೂ ತೆಗೆದಿಡ್ತೀರಾ, ಸರ್?” ಸಿಡಿಲಿಗೆ ಹೆದರಿ ನಮ್ಮ ಮನೆಯಲ್ಲಿ ಪ್ಲಗ್ಗನ್ನೇ ಕಿತ್ತಿಡುವ ರೂಢಿ ಎಂದೆ. “ಹಾಗಾದ್ರೆ ಸೆಲ್ಲೇ ಇರ್ಬೇಕು, ನೋಡುವಾ” ಎಂದು ಮೀಟರ್ ಹಿಡಿದ. ಮೂರು ವೋಲ್ಟ್ ಇರಬೇಕಾದ ಸೆಲ್ಲಿನಲ್ಲಿ ಎರಡೂವರೆಯೂ ಇರಲಿಲ್ಲ. ಕಂಪ್ಯೂಟರನ್ನು ಮುಚ್ಚಿದ್ದರೂ ಗೋಡೆಯ ಸ್ವಿಚ್ ಹಾಕಿದ್ದರೆ ಆ ಗಡಿಯಾರಕ್ಕೆ ಪೆಟ್ಟಿಗೆಯೊಳಗಿನ ವಿದ್ಯುತ್ ಘಟಕವಾದ ಎಸ್‌ಎಂಪಿಎಸ್‌ನಿಂದಲೇ ವಿದ್ಯುತ್ ಸಿಗುತ್ತದೆ, ಪ್ಲಗ್ ಕಿತ್ತಾಗ ಮಾತ್ರ ಅದು ಸೆಲ್ಲನ್ನು ಅವಲಂಬಿಸುತ್ತದೆ, ಹೀಗಾಗಿ ಕಿತ್ತಿಡುವವರ ಮನೆಯಲ್ಲಿ ಸೆಲ್ ಬೇಗ ಸೋಲುತ್ತದೆ ಎಂಬ ಸಂಗತಿ ನನಗೂ ಹೊಸದೇ. ಹಳೆಯ ಸೆಲ್ಲನ್ನು ಕೇಳದೆಯೇ ನನ್ನ ಕೈಗಿಟ್ಟ. ತೆಗೆದುಕೊಂಡದ್ದು ಐವತ್ತು ರೂಪಾಯಿ.

ಮೊದಲಿನ ಇಬ್ಬರನ್ನು ಮೋಸಗಾರರೆಂದು ನಾನು ಹೇಳಲಾರೆ. ಅವರಿಗೆ ಗೊತ್ತಿಲ್ಲದೆಯೂ ಇರಬಹುದು. ನನ್ನ ದುಡ್ಡಿನ ಮಟ್ಟಿಗೆ ಎರಡರ ಫಲವೂ ಒಂದೇ. ಹಾಗೆಯೇ ಐವತ್ತು ರೂಪಾಯಿಯ ಕೆಲಸದಲ್ಲಿ ಪ್ರಾಮಾಣಿಕನಾದವನು ಐದು ಸಾವಿರದ ಕೆಲಸದಲ್ಲೂ ಹಾಗೆಯೇ ಇರುತ್ತಾನೆಂಬುದಕ್ಕೆ ಈ ಪರೀಕ್ಷೆಯೊಂದೇ ಸಾಲದು.

ಮುಂದಿನ ಸಲ ಕಚೇರಿಯ ಯಂತ್ರವೇ ಕೈಕೊಟ್ಟಿತು. ಒತ್ತಿದರೆ ಉದ್ದನೆಯ ಬೀಪ್ ಬಿಟ್ಟರೆ ಪರದೆಯ ಮೇಲೆ ಏನೂ ಇಲ್ಲ. ಈ ಸಲ ಒಯ್ಯುವ ಮೊದಲು ಎರಡು ಕೇಬಲ್ ಕಳಚಿ, ನಾಲ್ಕು ಸ್ಕ್ರೂ ಬಿಚ್ಚಿ, ಹಾರ್ಡ್ ಡಿಸ್ಕನ್ನು ಮನೆಯ ಕಪಾಟಿನಲ್ಲಿಟ್ಟೆ. ರ‍್ಯಾಮ್ ಮತ್ತು ಎಸ್‌ಎಂಪಿಎಸ್ ಮೇಲಿನ ಚೀಟಿಗಳ ಕ್ರಮಸಂಖ್ಯೆ ಕಾಣುವಂತೆ ಫೋಟೋ ತೆಗೆದುಕೊಂಡೆ. ಯಂತ್ರ ಏಳದಿರುವುದು, ಪರದೆ ಬಾರದಿರುವುದು, ತಾನಾಗಿ ಆರಿಹೋಗುವುದು ಇಂಥ ದೋಷಗಳನ್ನು ಪತ್ತೆಮಾಡಲು ಡಿಸ್ಕ್ ಬೇಕಾಗಿಲ್ಲ. ಯಂತ್ರ ಚಾಲೂ ಮಾಡಲು ರಿಪೇರಿಯವರ ಬಳಿ ತಮ್ಮದೇ ಪೆನ್‌ಡ್ರೈವ್ ಇರುತ್ತದೆ. ಡಿಸ್ಕ್ ಇಲ್ಲದೆ ಮುಟ್ಟುವುದೇ ಇಲ್ಲ ಎನ್ನುವವರಿದ್ದಾರೆ. ಈ ತರುಣ, “ಒಳ್ಳೇದಾಯ್ತು, ನನ್ನ ಜವಾಬ್ದಾರಿ ಕಡಿಮೆ” ಎಂದ. ರ‍್ಯಾಮ್ ಕಿತ್ತು ತೋರಿಸಿದಾಗ ಅದರ ಚಿನ್ನದ ಬಣ್ಣದ ಹಲ್ಲುಗಳು ಉಪ್ಪುಗಾಳಿಗೆ ಕಪ್ಪಾಗಿದ್ದವು. ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪಿಲ್ ಆಲ್ಕೊಹಾಲಿನಿಂದ ಒರೆಸಿ ಕೂರಿಸಿದ, ಯಂತ್ರ ಎದ್ದಿತು. ಹೊಸ ರ‍್ಯಾಮ್ ಮಾರಲು ಅದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಅಂದೇ ನನ್ನ ಅರ್ಧ ಅನುಮಾನ ಹೋಯಿತು. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಂದು ತಾಸು ಯಂತ್ರ ಚಾಲೂ ಇಡಿ, ಒಳಗಿನ ಬಿಸಿಗೆ ತೇವ ಆರುತ್ತದೆ ಎಂದು ಹೇಳಿಕಳಿಸಿದ.

ಲ್ಯಾಪ್‌ಟಾಪಿನ ಮಾತು ಬೇರೆ. ಅದರ ಡಿಸ್ಕ್ ತೆಗೆಯುವುದು ಸುಲಭವಲ್ಲ. ವಿಂಡೋಸ್ 11 ಇರುವ ಹಲವು ಯಂತ್ರಗಳಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣ ತಾನಾಗಿಯೇ ಚಾಲೂ ಇರುತ್ತದೆ. ಬೋರ್ಡ್ ಬದಲಾದರೆ 48 ಅಂಕಿಗಳ ಕೀಲಿ ಇಲ್ಲದೆ ಮಾಹಿತಿ ತೆರೆಯುವುದಿಲ್ಲ. ಆ ಕೀಲಿಯನ್ನು ನಾನು ಕಾಗದದ ಮೇಲೆ ಬರೆದು ಮನೆಯಲ್ಲಿಟ್ಟಿದ್ದೇನೆ. ರಿಪೇರಿಗೆ ಕೊಡುವಾಗ ಬೇರೊಂದು ಬಳಕೆದಾರ ಖಾತೆ ಮಾಡಿ ಅದರ ಪಾಸ್‌ವರ್ಡ್ ಮಾತ್ರ ಕೊಡುತ್ತೇನೆ. ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವಿನಂಥ ಟೋಕನ್ ನನ್ನ ಜೇಬಿನಲ್ಲಿರುತ್ತದೆ. ಅದರ ಪಿನ್ನನ್ನು ಬಹುಕಾಲ ಮಾನಿಟರಿನ ಅಂಚಿಗೆ ಅಂಟಿಸಿಟ್ಟಿದ್ದವನೂ ನಾನೇ.

ಕೊನೆಗೆ ನಾನು ಬೆಲೆ ಕೊಟ್ಟದ್ದು ಆ ತರುಣ ‘ಆಗುವುದಿಲ್ಲ’ ಎಂದ ಸಂದರ್ಭಗಳಿಗೆ. ಆಫೀಸ್ ತಂತ್ರಾಂಶವನ್ನು ಹಣ ಕೊಡದೆ ಹಾಕಿಸಬಹುದೇ ಎಂದು ನಾನೇ, ನಾಚಿಕೆಗೆಟ್ಟು, ಕೇಳಿದ್ದೆ. ಅಂಥ ಕಳ್ಳ ಪ್ರತಿಯನ್ನು ಓಡಿಸಲು ಮೊದಲು ಆಂಟಿವೈರಸ್ ನಿಲ್ಲಿಸಬೇಕಾಗುತ್ತದೆ, ನಿಮ್ಮ ಗಿರಾಕಿಗಳ ಮಾಹಿತಿ ಇರುವ ಯಂತ್ರಕ್ಕೆ ನಾನು ಅದನ್ನು ಹಾಕುವುದಿಲ್ಲ ಎಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ನಿಂತಾಗ, ನನ್ನ ಆರನೆಯ ತಲೆಮಾರಿನ ಪ್ರೊಸೆಸರಿಗೆ ವಿಂಡೋಸ್ 11ರ ಅರ್ಹತೆ ಇಲ್ಲವೆಂದು ನೇರವಾಗಿ ಹೇಳಿ, ಅಡ್ಡದಾರಿಯಿಂದ ಹಾಕಲು ಒಪ್ಪಲಿಲ್ಲ. ಇಂಟರ್‌ನೆಟ್ ತೆಗೆದು ಆ ಯಂತ್ರವನ್ನು ಸ್ಕ್ಯಾನಿಂಗಿಗೆ ಇಟ್ಟುಕೊಳ್ಳಿ ಎಂದ. ಲ್ಯಾಪ್‌ಟಾಪಿನ ಬೋರ್ಡಿನಲ್ಲಿ ಚಿಪ್ ಬದಲಿಸುವ ಕೆಲಸ ಬಂದಾಗ, ಅದು ತನ್ನ ಕೈಯಲ್ಲಿ ಆಗದು, ಹುಬ್ಬಳ್ಳಿಗೆ ಕಳಿಸಬೇಕು ಎಂದು ಮೊದಲೇ ತಿಳಿಸಿದ.

ಬಿಲ್ಲಿನ ವಿಷಯದಲ್ಲಿ ಅವನಿಗೂ ನನಗೂ ಒಮ್ಮೆ ಸಣ್ಣ ಚಕಮಕಿ ನಡೆದದ್ದುಂಟು. ಗುರುತಿನವರಿಗೆ ಬಿಲ್ ಯಾಕೆ ಎಂಬುದು ಅವನ ವಾದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದನ್ನೂ, ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ತಿಳಿಸುವುದನ್ನೂ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿ ಸೇರಿಸಲಾಗಿದೆ ಎಂದು ನಾನು ಹೇಳಿದೆ. ಅಂದಿನಿಂದ ಭಾಗದ ಹೆಸರು, ಕ್ರಮಸಂಖ್ಯೆ, ವಾರಂಟಿ ಅವಧಿ ಬರೆದೇ ಕೊಡುತ್ತಾನೆ. ಕಳೆದ ಸಲ ಹೊಸ ಎಸ್‌ಎಸ್‌ಡಿ ಹಾಕಿದಾಗ, ನಾನು ಕೇಳುವ ಮೊದಲೇ, ಡಿಸ್ಕಿನ ಸ್ಥಿತಿ ತೋರಿಸುವ ತಂತ್ರಾಂಶವಾದ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಅದು ಎಷ್ಟು ತಾಸು ಓಡಿದೆ ಎಂಬ ಸಾಲನ್ನು ಬೆರಳಿಟ್ಟು ತೋರಿಸಿದ. ಸೊನ್ನೆ ಇತ್ತು. “ಫೋಟೋ ತೆಗೀರಿ ಸರ್, ನೀವು ಹೆಂಗೂ ತೆಗೀತೀರಿ” ಎಂದು ನಕ್ಕ.